ಸದ್ದಿನ ಹಿಂದೆ ನಿಂತ ಗಿರಮಲ್ಲ ಮಾಮಾ

ಹೋದ ವಾರ ಒಂದು ಸಂಜೆ ಚಿಕ್ಕೋಡಿಯ ನಮ್ಮ ಮನೆಯ ತುಂಬ ಇಸ್ತ್ರಿಯ ವಾಸನೆ ಇತ್ತು. ಮಗಳು ಶ್ವೇತಾ ಮರುದಿನದ ಬಟ್ಟೆಗೆ ಇಸ್ತ್ರಿ ಹಾಕುತ್ತ, ಪಕ್ಕದಲ್ಲಿ ಫೋನು ನಿಲ್ಲಿಸಿಕೊಂಡು ಏನನ್ನೋ ಕೇಳುತ್ತಿದ್ದಳು. ಏನನ್ನೋ ಎಂದೆ, ಏಕೆಂದರೆ ಅದು ಹಾಡೋ ಜಗಳವೋ ನನಗೆ ತಿಳಿಯಲಿಲ್ಲ. ಮೊದಲು ಒಬ್ಬ ಉಸಿರು ತೆಗೆದುಕೊಳ್ಳದೆ ಮಾತಾಡಿದ. ಆಮೇಲೆ ಟ್ರ್ಯಾಕ್ಟರಿನಿಂದ ತಗಡು ಕೆಡವಿದ ಹಾಗೆ ಗಿಟಾರುಗಳು ಎದ್ದವು. ಅವನ ಮಾತು ಅದರೊಳಗೆ ಮುಳುಗಿಹೋಯಿತು.

"ಇದ್ಯಾರವ್ವಾ?" ಎಂದೆ.

"ಹೊರದೇಶದಾಂವ ಪಪ್ಪಾ. ಮೊದಲ ರ‍್ಯಾಪ್ ಹಾಡತಿದ್ದ. ಎಲ್ಲಾರ್ನೂ ಹೆಸರ ಹಿಡದು ಬೈತಿದ್ದ, ಭಾಳ ಗದ್ದಲ ಆತು. ಈಗ ಮೆಟಲ್ ಮಂದಿ ಕೂಡ ಸೇರ್ಯಾನ."

"ಮೆಟಲ್ ಅಂದ್ರ?"

"ಗಿಟಾರ್ ಚೀರಸ್ತಾರಲಾ, ಅದು. ರ‍್ಯಾಪಿನವ್ರು ಇಂವಾ ಓಡಿಹೋದಾ ಅಂತಾರ. ಮೆಟಲ್‌ನವ್ರು ಇಂವಾ ನಮ್ಮಾಂವ ಅಲ್ಲಾ ಅಂತಾರ."

ನಾನು ಕುರ್ಚಿಯ ಮೇಲೆ ಕುಳಿತೆ. "ಇದು ನಮ್ಮ ಗಿರಮಲ್ಲ ಮಾಮಾನ ಕತಿ ಆತಲ್ಲ" ಎಂದೆ. ಅವಳು ನಕ್ಕು ಅಂಗಿಯ ತೋಳು ತಿರುವಿದಳು. ಅವಳು ಕೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ. ಕಂಡದ್ದನ್ನು, ಅವನ ಬಾಯಿಂದ ಕೇಳಿದ್ದನ್ನು ಮಾತ್ರ ಹೇಳುತ್ತೇನೆ. ಮುಖ್ಯ ಭಾಗವನ್ನು ನಾನು ಕುದುರೆಯ ಮೇಲಿನಿಂದ ಕಂಡೆ, ಆ ನಡುಕ ಇನ್ನೂ ಪೂರ್ತಿ ಇಳಿದಿಲ್ಲ.

ಗಿರಮಲ್ಲ ಮಾಮಾ ನನ್ನ ಅವ್ವನ ತಮ್ಮ. ಐಗಳಿ ಕಡೆಯ ನಮ್ಮ ಹಳ್ಳಿಯಲ್ಲಿ, ಎಂಬತ್ತರ ದಶಕದಲ್ಲಿ, ಡೊಳ್ಳಿನ ಪದ ಎಂದರೆ ಅವನೇ. ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಕೊಡದಿದ್ದರೆ ಸೋತ ಹಾಗೆ. ಉಳಿದವರು ಸವಾಲಿಗೆ ಪುರಾಣಕ್ಕೆ ಹೋಗುತ್ತಿದ್ದರು. ಮಾಮಾ ಓಣಿಗೆ ಹೋಗುತ್ತಿದ್ದ. ಯಾರ ಎಮ್ಮೆ ಯಾರ ಹೊಲ ಮೇಯಿತು, ಊಟದ ಪಂಕ್ತಿಯಲ್ಲಿ ಟೊಪ್ಪಿಗೆ ಬದಲಿಸಿ ಎರಡನೆಯ ಸಲ ಕುಳಿತವರು ಯಾರು, ಎಲ್ಲವೂ ಹೆಸರು ಸಮೇತ, ತಾಳ ತಪ್ಪದೆ, ಕೇಳುವವರಿಗೆ ಉಸಿರು ಕಟ್ಟುವ ವೇಗದಲ್ಲಿ ಬರುತ್ತಿತ್ತು. ಅವನದೊಂದು ನೇಮವಿತ್ತು. ಬೈಸಿಕೊಳ್ಳುವವನು ಎದುರಿಗೇ ಇರಬೇಕು. "ಮುಂದ ನಿಂತು ಹಾಡಿದ್ರ ಪದಾ, ಬೆನ್ನಹಿಂದ ಹಾಡಿದ್ರ ಚಾಡಿ" ಎನ್ನುತ್ತಿದ್ದ. ಊರಿಗೆಲ್ಲ ಈ ನೇಮ ಗೊತ್ತಿದ್ದುದರಿಂದ, ಅವನು ಡೊಳ್ಳು ಕಟ್ಟಿದ ದಿನ ಕೆಲವರಿಗೆ ಹೊಲದಲ್ಲಿ ತುರ್ತು ಕೆಲಸ ಬರುತ್ತಿತ್ತು.

ಬಸಗೌಡರಿಗೆ ಹಾಗೆ ತಪ್ಪಿಸಿಕೊಳ್ಳಲು ಬರುತ್ತಿರಲಿಲ್ಲ. ಅವರು ಊರ ಹಿರಿಯರು, ಮುಂದಿನ ಸಾಲಿನಲ್ಲಿ ಕೂರಲೇಬೇಕು. ಊರಿನ ಜಗಳಗಳನ್ನು ಬಿಡಿಸುತ್ತಿದ್ದವರೂ ಅವರೇ. ಎರಡೂ ಕಡೆಯವರು ಮಾತು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಗೌಡರಿಗೆ ಕಣ್ಣು ಹತ್ತುತ್ತಿತ್ತು. ಎಚ್ಚರವಾದಾಗ ಎಡಗಡೆ ಕುಳಿತವನದೇ ತಪ್ಪು ಎಂದು ಹೇಳಿ ಎದ್ದುಬಿಡುತ್ತಿದ್ದರು. ಇದು ತಿಳಿದ ಮೇಲೆ ಜನ ಮೂಲ ಜಗಳ ಬಿಟ್ಟು ಬಲಗಡೆಯ ಜಾಗಕ್ಕೆ ಜಗಳವಾಡುತ್ತಿದ್ದರು. ಒಮ್ಮೆ ಮಾಮಾ ಇದನ್ನು ಕಟ್ಟಿ ಹಾಡಿದ:

ಎಡಕ ಕುಂತವ ಕಳ್ಳ ಅಂತ, ಬಲಕ ಕುಂತವ ಒಳ್ಳೆವಂತ,
ಕಣ್ಣ ಮುಚ್ಚಿ ಗೊರಕಿ ಹೊಡದು ಹೇಳತಾನ ನ್ಯಾಯವಂತ.

ಮಕ್ಕಳು ಅದನ್ನು ಶಾಲೆಗೆ ಹೋಗುತ್ತ ಹಾಡಿದರು. ಪಂಚರು ಸೇರಿದರು. ಮಾಮಾ ಮೊದಲೇ ಹೋಗಿ ಬಲಗಡೆ ಕುಳಿತ. ಉಪಯೋಗವಾಗಲಿಲ್ಲ. ಗೌಡರು ಅವತ್ತೊಂದು ದಿನ ಕಣ್ಣು ಮುಚ್ಚಲಿಲ್ಲ.

"ನಿನ್ನ ಬಾಯಿ ಸುದ್ದ ಆಗೂ ಮಟಾ ಈ ಊರಾಗ ನಿನ್ನ ಡೊಳ್ಳ ಏಳಬಾರದು" ಎಂದರು.

ಮಾಮಾ ನಿಪ್ಪಾಣಿಗೆ ಹೋದ. ಮೊದಲು ತಂಬಾಕಿನ ಗೋದಾಮಿನಲ್ಲಿ ದುಡಿದ. ಆ ಘಾಟಿಗೆ ಅವನ ಗಂಟಲು ಒಡೆದು, ಸಣ್ಣ ಮಾತಾಡಿದರೂ ಲಾರಿ ಗೇರು ಬದಲಿಸಿದ ಹಾಗೆ ಕೇಳಿಸತೊಡಗಿತು. ಆ ದನಿಯೇ ಅವನನ್ನು ಬೆಂಜೋ ಪಾರ್ಟಿಗೆ ಸೇರಿಸಿತು. ನಮ್ಮ ಗಡಿಸೀಮೆಯ ಮದುವೆಗಳನ್ನು ಕಾಣದವರಿಗಾಗಿ ಹೇಳುತ್ತೇನೆ: ಬೆಂಜೋ ಎಂದರೆ ಗುಂಡಿ ಒತ್ತಿ ತಂತಿ ಮೀಟುವ ಒಂದು ಉದ್ದನೆಯ ಪೆಟ್ಟಿಗೆ. ತನ್ನಷ್ಟಕ್ಕೆ ಅದು ಸಾಧು ವಾದ್ಯ. ಅದಕ್ಕೆ ಕರೆಂಟು ಕೊಟ್ಟು, ಕೈಗಾಡಿಯ ಮೇಲೆ ಆಳೆತ್ತರದ ಸ್ಪೀಕರು ಪೇರಿಸಿ, ಹಿಂದೆ ಜನರೇಟರು ಎಳೆದುಕೊಂಡು ಬಂದರೆ ಓಣಿಯ ಹಂಚುಗಳು ಜಾಗ ಬಿಡುತ್ತವೆ. ಪಾರ್ಟಿಯ ಮಾಲೀಕ ಮರಾಠಿಯವ. ಮೊದಲ ದಿನವೇ ಮಾಮಾನಿಗೆ ಹೇಳಿದನಂತೆ: "ಶಬ್ದ ನಕೋ ಗಿರಮಲ್ಲಾ, ಆವಾಜ್ ಪಾಹಿಜೆ." ಮಾತು ಬೇಡ, ಸದ್ದು ಬೇಕು.

ಮಾಮಾ ಸದ್ದು ಕೊಟ್ಟ. ಊರೂರಿನ ಮದುವೆಗಳು ಅವನನ್ನು ಕರೆದವು. ಡೊಳ್ಳಿನವರು "ಗಿರಮಲ್ಲ ಕರೆಂಟಿಗೆ ಮಾರಿಕೊಂಡಾ" ಎಂದರು. ಬೆಂಜೋದವರು "ಹಳ್ಳಿ ಡೊಳ್ಳಿನಾಂವ ನಮ್ಮೊಳಗ ಹೊಕ್ಕಾನ" ಎಂದರು. ಅವನನ್ನು ಒಂದು ಕಾಲಕ್ಕೆ ಹೊರಹಾಕಿದ ಮನೆಗಳೇ ಈಗ ಮದುವೆಗೆ ಅವನು ಬೇಕೆಂದು ಹಟ ಹಿಡಿದವು. "ಈಗ ಭಾಳ ಚಲೋ ಆಗ್ಯಾನ, ಒಂದ ಕೆಟ್ಟ ಮಾತ ಇಲ್ಲ" ಎನ್ನುತ್ತಿದ್ದರು.

ಇದರ ಒಳಗುಟ್ಟು ನನಗೆ ತಿಳಿದದ್ದು ನನ್ನ ಮದುವೆಯ ಹಿಂದಿನ ದಿನ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆಣ್ಣು ರಾಯಬಾಗದ್ದು. ನನಗೆ ಅರಿಸಿನ ಹಚ್ಚಿ ಕೂರಿಸಿದ್ದರು. ಮಾಮಾ ಪಕ್ಕದಲ್ಲಿ ಕುಳಿತು ದನಿ ಇಳಿಸಿದ. ಅವನ ಇಳಿದ ದನಿ ನಡುಮನೆಯ ತನಕ ಹೋಗುತ್ತಿತ್ತು.

"ಅಳ್ಯಾ, ನಾಳೆ ಗೌಡ್ರು ಬರತಾರ. ವರಾತದಾಗ ನನ್ನ ಹಾಡ ಕೇಳಿ, ಬಾಯಿ ಸುದ್ದ ಆಗೇತಿ ಅನಿಸಿದ್ರ ಊರಾಗ ಡೊಳ್ಳ ಎತ್ತಾಕ ಬಿಡತಾರಂತ."

"ಹಂಗಾರ ನಾಳೆ ನಿನ್ನ ಹಳೇ ಚಾಳಿ ತಿರಗಿ ಹಿಡೀಬ್ಯಾಡ ಮಾಮಾ."

"ಬಿಟ್ಟಿದ್ರಲಾ ತಿರಗಿ ಹಿಡಿಯೂದು? ಇವತ್ತಿಗೂ ನಾ ಹಾಡೂದು ಅದನ್ನ. ಮದವಿ ಮನಿಯವ್ರನ್ನ ಮುಂದ ನಿಲ್ಲಿಸಿಕೊಂಡ ಬೈತೀನಿ. ಆ ಸ್ಪೀಕರಿನ್ಯಾಗ ಯಾರಿಗಿ ತಿಳಿತೈತಿ? ಕುಣದು ಕುಣದು ಟವೆಲ್ ಹಾರಸ್ತಾರ, ಹುಚ್ಚರು."

ನಾನು ನಕ್ಕೆ. ಅವನು ನಗಲಿಲ್ಲ. "ಒಬ್ಬರೂ ಸಿಟ್ಟಾಗಿಲ್ಲೋ ಅಳ್ಯಾ, ಇಷ್ಟ ವರ್ಷದಾಗ ಒಬ್ಬರೂ ಸಿಟ್ಟಾಗಿಲ್ಲ" ಎಂದ. ಇಷ್ಟು ದುಃಖದಿಂದ ಯಾರೂ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

ಮರುದಿನ ಮಧ್ಯಾಹ್ನ ರಾಯಬಾಗದ ಬಸ್ ಸ್ಟ್ಯಾಂಡಿನ ಕಡೆಯಿಂದ ವರಾತ, ಅಂದರೆ ಮದುಮಗನ ಮೆರವಣಿಗೆ, ಹೊರಟಿತು. ನನ್ನನ್ನು ಕುದುರೆಯ ಮೇಲೆ ಹತ್ತಿಸಿದ್ದರು. ಅದಕ್ಕೆ ಮೊದಲು ನಾನು ಏರಿದ ಅತಿ ಎತ್ತರದ ವಾಹನ ಸೈಕಲ್. ಬಾಸಿಂಗ ಕಟ್ಟಿದ್ದರಿಂದ ಎಡಬಲ ಏನೂ ಕಾಣುತ್ತಿರಲಿಲ್ಲ. ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು, ಅದಕ್ಕೇ ಅದು ಇಂದಿಗೂ ಅಷ್ಟು ಸ್ಪಷ್ಟವಾಗಿದೆ. ಎದುರಿಗೆ ಕೈಗಾಡಿ. ಗಾಡಿಯ ಮೇಲೆ ಮೈಕು ಹಿಡಿದ ಮಾಮಾ. ಅವನ ಮುಂದೆ, ಕುಣಿಯುವವರ ನಡುವೆ, ಹೊಸ ರುಮಾಲು ಸುತ್ತಿಕೊಂಡು ಅಲುಗಾಡದೆ ನಿಂತ ಬಸಗೌಡರು. ಅವರ ಮೀಸೆ ಅವತ್ತು ಎಂದಿಗಿಂತ ಕಪ್ಪಗಿತ್ತು. ಜನರೇಟರು ನನ್ನ ಹಿಂದೆಲ್ಲೋ ಬರುತ್ತಿತ್ತು. ಅದರ ವಾಯರು ಕುದುರೆಯ ಪಕ್ಕದಲ್ಲೇ ಹಾದು ಗಾಡಿಗೆ ಹೋಗಿತ್ತು.

ಮಾಮಾ ಶುರು ಮಾಡಿದ. ನನ್ನ ಎದೆಯೊಳಗೆ ಯಾರೋ ಕಪಾಟು ಸರಿಸಿದ ಹಾಗಾಯಿತು. ಕುದುರೆ ಕಿವಿ ಹಿಂದಕ್ಕೆ ಮಡಚಿತು.

"ಬಿಗೀ ಹಿಡೀರಿ ಸಾಹೇಬ್ರ" ಎಂದ ಕುದುರೆಯವನು.

"ಏನ ಹಿಡೀಲಿ?" ಎಂದೆ.

"ಏನ ಸಿಗತೈತಿ ಅದನ್ನ ಹಿಡೀರಿ."

ನಾನು ಕುದುರೆಯ ಕುತ್ತಿಗೆ ಹಿಡಿದೆ. ಎದುರಿಗೆ ಗೌಡರು ತಲೆ ತೂಗುತ್ತಿದ್ದರು. ಅವರ ಮುಖದಲ್ಲಿ ಒಪ್ಪಿಗೆ ಕಾಣುತ್ತಿತ್ತು. ಇನ್ನು ಒಂದು ಓಣಿ ದಾಟಿದರೆ ಮಾಮಾನಿಗೆ ಊರು ಸಿಗುತ್ತಿತ್ತು. ಆಗ ಕುದುರೆ ಹಿಂದಕ್ಕೆ ಸರಿಯಿತು, ವಾಯರು ಅದರ ಕಾಲಿಗೆ ಸಿಕ್ಕಿತು, ಕುದುರೆ ಕಾಲು ಝಾಡಿಸಿತು. ಬೆಂಜೋ ಸತ್ತಿತು. ಸ್ಪೀಕರು ಸತ್ತಿತು. ಮಾಮಾ ಕಣ್ಣು ಮುಚ್ಚಿ ಹಾಡುತ್ತಿದ್ದ, ಅವನಿಗೆ ಅದು ತಿಳಿಯಲೇ ಇಲ್ಲ. ಇಡೀ ರಸ್ತೆಯ ಮೌನದಲ್ಲಿ ಅವನ ಒಡೆದ ದನಿ ಒಂದೇ ಕೇಳಿತು:

ಬಿಸಲ ಏರೇತಿ, ಗೌಡನ ಮೀಸಿ ಸೋರೇತಿ,
ಮನ್ಯಾಗ ಹಚ್ಚಿದ ಮಸಿ ಬೀದ್ಯಾಗ ಗುಟ್ಟ ಹೇಳೇತಿ!

ಎಲ್ಲರೂ ಗೌಡರ ಮುಖ ನೋಡಿದರು. ಹಾಡಿನಲ್ಲಿ ಸುಳ್ಳಿರಲಿಲ್ಲ. ಕಪ್ಪು ಬಣ್ಣ ಗದ್ದ ದಾಟಿ ಬಿಳಿ ಅಂಗಿಯ ಕಾಲರಿಗೆ ಬಂದಿತ್ತು.

ಮಾಮಾ ಕಣ್ಣು ತೆರೆದ. ಬೆಂಜೋದವರ ಬೆರಳುಗಳು ಗುಂಡಿಯ ಮೇಲೇ ನಿಂತಿದ್ದವು. ಹೆಣ್ಣಿನ ತಂದೆ ಓಡಿ ಬಂದು "ಮುಹೂರ್ತ, ಮುಹೂರ್ತ" ಎಂದರು. ಯಾರೂ ಅವರ ಕಡೆ ನೋಡಲಿಲ್ಲ. ಗೌಡರು ಗದ್ದ ಒರೆಸಿಕೊಂಡು, ಬೆರಳು ನೋಡಿಕೊಂಡು, ಒಂದು ಕೈಯನ್ನು ಕಿವಿಯ ಮೇಲಿಟ್ಟರು. ಹೊಡೆಯುತ್ತಾರೆಂದುಕೊಂಡೆ. ಅವರು ಹಾಡಿದರು.

ಮೀಸಿ ಬಣ್ಣ ನೀರ ಹಾಕಿದ್ರ ತೊಳದು ಹೋಗತೈತಿ,
ಸದ್ದಿನ ಸೆರಗ ಹೊದ್ದ ನಿಂತವನ ಬಣ್ಣ ಎಲ್ಲಿ ಹೋಗತೈತಿ?
ಬೆನ್ನಹಿಂದ ಆಡಿದ್ರ ಚಾಡಿ ಅಂತ ನೀನ ಅಂದಿ,
ಡಬ್ಬಿ ಹಿಂದ ನಿಂತ ಆಡಿದ್ದಕ್ಕ ಗಿರಮಲ್ಲಾ ಏನಂತಿ?

ಕುದುರೆಯ ಪಕ್ಕದಿಂದ ಅವ್ವನ ದನಿ ಬಂತು. "ಹರೇದಾಗ ಗೌಡ್ರು ಮೇಳದಾಗ ಹಾಡತಿದ್ರಪಾ. ನಾನ ಮರತಬಿಟ್ಟಿದ್ನಿ" ಎಂದಳು.

ಮಾಮಾ ಬಾಯಿ ತೆರೆದ. ಅವನ ಬಾಯಿ ತೆರೆದು ಖಾಲಿ ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು. ಅವನು ಮೈಕನ್ನು ಗಾಡಿಯ ಮೇಲೆ ಮಲಗಿಸಿ ಕೆಳಗಿಳಿದ.

"ಜವಾಬ್ ಐತೇನಲೇ?" ಎಂದರು ಗೌಡರು.

"ಈಗ ಇಲ್ರಿ."

"ಮತ್ತ ಯಾವಾಗ?"

"ಅಮಾಸಿ ಮಟಾ ಕೊಡ್ರಿ."

"ಹಂಗಾರ ಅಮಾಸಿಗಿ ಊರಿಗಿ ಬಾ. ಡೊಳ್ಳ ತಗೊಂಡ ಬಾ. ನಾ ಎದರಿಗಿ ಕುಂದರತೀನಿ."

ಮಾಮಾ ಅವರ ಕಾಲಿಗೆ ಬಗ್ಗಿದ. ಗೌಡರು "ಮೊದಲ ಜವಾಬ್ ಕಟ್ಟು, ಆಮ್ಯಾಲ ಬಗ್ಗು" ಎಂದು ಅವನ ತೋಳು ಹಿಡಿದೆತ್ತಿದರು. ಮಾಮಾನ ಬಿಳಿ ಅಂಗಿಯ ತೋಳಿನ ಮೇಲೆ ಐದು ಕಪ್ಪು ಬೆರಳು ಮೂಡಿದವು. ಅವನ ಕಣ್ಣಲ್ಲಿ ನೀರಿತ್ತು. ಅವನನ್ನು ಬಲ್ಲವನಾಗಿ ಹೇಳುತ್ತೇನೆ, ಅದು ಸೋತ ದುಃಖವಲ್ಲ. ಅಷ್ಟು ವರ್ಷಗಳ ಮೇಲೆ ಒಬ್ಬರು ಅವನ ಪದ ಕೇಳಿ ಸಿಟ್ಟಾಗಿದ್ದರು.

ಅಕ್ಷತೆಯ ಅಕ್ಕಿಕಾಳು ಬೀಳುವುದು ಮುಹೂರ್ತ ಮೀರಿ ತಡವಾಯಿತು. ನನ್ನ ಸಂಸಾರದಲ್ಲಿ ಏನು ಕೆಟ್ಟರೂ ನನ್ನ ಹೆಂಡತಿ ಇಂದಿಗೂ ಆ ಕುದುರೆಯನ್ನೇ ದೂರುತ್ತಾಳೆ.

ಅಮಾವಾಸ್ಯೆಗೆ ಮಾಮಾ ಊರಿಗೆ ಹೋದ, ಡೊಳ್ಳು ಎತ್ತಿದ, ಜವಾಬು ಕೊಟ್ಟ. ಗೌಡರು ಅದಕ್ಕೊಂದು ಸವಾಲು ಹಾಕಿ ಮುಂದಿನ ಅಮಾವಾಸ್ಯೆಗೆ ಕರೆದರು. ಗೌಡರು ಇದ್ದಷ್ಟು ವರ್ಷ ಅದು ಹಾಗೇ ನಡೆಯಿತು. ಬೆಂಜೋವನ್ನೂ ಮಾಮಾ ಬಿಡಲಿಲ್ಲ. ಆದರೆ ಪಾರ್ಟಿಗೆ ಒಂದು ಕರಾರು ಹಾಕಿದ: ಮೊದಲ ಪದಕ್ಕೆ ಜನರೇಟರು ಬಂದ್ ಇರಬೇಕು. ಅದನ್ನು ಕೇಳಿ ಕೆಲವು ಮನೆಗಳು ಅವನನ್ನು ಕರೆಯುವುದು ಬಿಟ್ಟವು. ಕೆಲವು ಅದಕ್ಕಾಗಿಯೇ ಕರೆದವು.

ಶ್ವೇತಾ ಆ ಹಾಡು ಕೇಳುತ್ತಿದ್ದ ಸಂಜೆಯ ಮರುದಿನ ಬೆಳಿಗ್ಗೆ ಊರಿಗೆ ಫೋನು ಮಾಡಿದೆ. ಮಾಮಾನಿಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಅಷ್ಟು ವರ್ಷ ಸ್ಪೀಕರಿನ ಪಕ್ಕ ನಿಂತದ್ದು ಪುಕ್ಕಟೆ ಬಂದಿರಲಿಲ್ಲ. ಹೊರದೇಶದ ಹಾಡುಗಾರನ ಕತೆಯನ್ನು ನಾನು ಕೂಗಿ ಹೇಳಿದೆ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

ಮಾಮಾ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಅದಿರಲಿ. ಬೈಸಿಕೊಂಡಾಂವ ತಿರಗಿ ಏನ ಹಾಡಿದಾ?" ಎಂದ.

"ಗೊತ್ತಿಲ್ಲ ಮಾಮಾ."

"ಗೊತ್ತಿಲ್ಲಂದ್ರ ಅರ್ಧಾ ಹಾಡ ಕೇಳಿ ಎದ್ದ ಬಂದೀ ಏನ? ಕುಂತ ಪೂರಾ ಕೇಳಿ ಫೋನ್ ಮಾಡು" ಎಂದು ಇಟ್ಟುಬಿಟ್ಟ.

ಅಂದಿನಿಂದ ಸಂಜೆಯಾದರೆ ಶ್ವೇತಾಳ ಪಕ್ಕದಲ್ಲಿ ಕುಳಿತಿರುತ್ತೇನೆ. ಭಾಷೆ ತಿಳಿಯುವುದಿಲ್ಲ, ಅವಳು ಬಿಡಿಸಿ ಹೇಳುತ್ತಾಳೆ. ನಿನ್ನೆ ಗಿಟಾರು ಜೋರಾದಾಗ ಅವಳೇ ಸದ್ದು ತಗ್ಗಿಸಲು ಹೋದಳು. "ತಡೀಯವ್ವಾ" ಎಂದೆ. "ಅದರೊಳಗ ಆಂವ ಏನೋ ಹೇಳಾಕತ್ತಾನ."