ಫ್ಲಾನೆಲ್ಲನ್ನು ಹಳತು ಮಾಡಿದ್ದು

ಆ ಕೆಂಪು ಬಟ್ಟೆಯನ್ನು ನಾನು ಬೇರೆ ಬಕೆಟ್ಟಿನಲ್ಲೇ ನೆನೆಹಾಕಿದ್ದೆ ಎಂದು ನನಗೆ ನೆನಪಿದೆ. ಆದರೆ ನನ್ನ ನೆನಪು ಹೇಳುವುದನ್ನೆಲ್ಲ ನಾನೇ ನಂಬುವುದಿಲ್ಲ. ಡೈರಿಯಲ್ಲಿ ಬರೆದಿದ್ದೇನೆ ನಿಜ. ಬರೆದದ್ದು ಮರುದಿನ, ಅದೂ ಸಿಟ್ಟು ಪೂರ್ತಿ ಇಳಿಯುವ ಮೊದಲು. ಬಕೆಟ್ಟುಗಳು ಎರಡಿದ್ದವೋ ಮೂರೋ, ಅಂದು ಶನಿವಾರವೋ ರವಿವಾರವೋ, ಮೌಶಿ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದಳೋ ನಿಂತಿದ್ದಳೋ, ಇವೆಲ್ಲ ಈಗ ಕಲಸಿಹೋಗಿವೆ. ಇತಿಹಾಸದ ಎಂ.ಎ. ಮಾಡುವಾಗ, ಕಣ್ಣಾರೆ ಕಂಡವರ ಮಾತನ್ನೇ ಮೊದಲು ಸಂಶಯದಿಂದ ನೋಡಬೇಕು ಎಂದು ಕಲಿಸಿದ್ದರು. ಹಾಗೆ ಕಂಡವಳು ನಾನೇ ಆಗಿದ್ದರೆ ಏನು ಮಾಡಬೇಕೆಂದು ಕಲಿಸಲಿಲ್ಲ.

ಮೌಶಿ ಎಂದರೆ ನನ್ನ ಅವ್ವನ ತಂಗಿ. ಧಾರವಾಡದಿಂದ ಮದುವೆಯಾಗಿ ಪುಣೆಯ ಖಡಕಿಗೆ ಬಂದವಳು ಇಂದಿಗೂ ಅಲ್ಲೇ ಇದ್ದಾಳೆ. ನಮ್ಮ ಮನೆತನದಲ್ಲಿ ಹುಟ್ಟಿದ ಪ್ರತಿ ಕೂಸಿನ ಕೌದಿಯೂ ಅವಳ ಕೈಯದೇ. ನನ್ನದು, ನನ್ನ ತಮ್ಮನದು, ನನ್ನ ಮಗಳದು. ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಆ ಹೊಲಿಗೆ ಎಷ್ಟು ಸಣ್ಣದೆಂದರೆ, ಬೆರಳಾಡಿಸಿದರೆ ಅಕ್ಕಿಕಾಳು ಸಾಲಾಗಿ ಇಟ್ಟಂತೆ ತಾಗುತ್ತದೆ. ಈಗ ಬಸುರಿ ಮಗಳಿಗೆ ಏಳನೆಯ ತಿಂಗಳು ನಡೆದಿತ್ತು. ಮೌಶಿಯ ಒಂದು ಕಣ್ಣಿನ ಪೊರೆ ತೆಗೆದಾಗಿತ್ತು, ಇನ್ನೊಂದಕ್ಕೆ ಆಪರೇಶನ್ನಿನ ದಿನ ಗೊತ್ತಾಗಿತ್ತು. ಅದಾದ ಮೇಲೆ ಸೂಜಿ ಹಿಡಿಯುವುದಿಲ್ಲ ಎಂದು ಅವಳೇ ಸಾರಿಬಿಟ್ಟಿದ್ದಳು. ಈ ಒಂದು ಕೌದಿ ಅವಳ ಕೈಯಿಂದ ಆಗಲೇಬೇಕು ಎಂಬುದು ನನ್ನ ಹಟ.

ಹಟಕ್ಕೆ ಬಟ್ಟೆ ಬೇಕಲ್ಲ. ಕೌದಿಗೆ ಬೇಕಾದದ್ದು ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ. ನಾನು ಉಡುವುದು ಕುರ್ತಾ, ಮಗಳು ಜೀನ್ಸು. ಉಳಿದದ್ದು ಮೌಶಿಯ ಟ್ರಂಕು. ಅದನ್ನು ತೆಗೆದು ನೋಡಿದರೆ ಒಂದು ರೇಷ್ಮೆ, ನಾಲ್ಕು ನೈಲಾನು.

"ಆ ಇಳಕಲ್ ಸೀರಿ ಎಲ್ಲಾ ಎಲ್ಲಿ ಹೋದುವು?"

"ಬೋಹಾರಣಿಗೆ ಕೊಟ್ಟೆ," ಎಂದಳು ಮೌಶಿ. ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಪುಣೆಯ ಗಲ್ಲಿಗಳಲ್ಲಿ ಇನ್ನೂ ಕೂಗುತ್ತ ಬರುತ್ತಾಳೆ. "ಹನ್ನೆರಡು ಸೀರಿಗೆ ಎರಡು ಸ್ಟೀಲ್ ಡಬ್ಬಿ ಕೊಟ್ಲು. ಭಾಳ ಛೊಲೊ ಡಬ್ಬಿ."

"ಡಬ್ಬ್ಯಾಗ ಕೂಸಿನ್ನ ಮಲಗಸೋಣೇನು?"

"ನಿನ್ನ ಮಗಳು ಇಷ್ಟು ತಡಾ ಮಾಡ್ತಾಳಂತ ನಂಗೇನ ಗೊತ್ತಿತ್ತು? ಮದವಿ ಆಗಿ ಒಂಬತ್ತು ವರ್ಷ ಡಬ್ಬಿ ಬ್ಯಾಡ ಅಂತ ಕೂಡಬೇಕಿತ್ತೇನು ನಾನು?"

ಫ್ಲಾನೆಲ್ ತರೋಣ ಎಂದವಳು ನಾನೇ. ಹತ್ತಿಯದು, ಬೆಚ್ಚಗಿರುತ್ತದೆ, ಕೂಸಿನ ಮೈಗೆ ಚುಚ್ಚುವುದಿಲ್ಲ. ಮೌಶಿ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಂಡೆ. ಅದು ಕೇಳಿಸಿತು ಎಂಬುದಷ್ಟೇ ಆಗಿತ್ತೆಂದು ತಿಳಿದದ್ದು ಆಮೇಲೆ.

ರವಿವಾರ ಪೇಟೆ ಎಂಬ ಬಡಾವಣೆಯ ಅಂಗಡಿಯಲ್ಲಿ ನಾನು ಓದಿಕೊಂಡು ಹೋದದ್ದನ್ನೆಲ್ಲ ಮಾಡಿದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೇಯ್ಗೆ ದಟ್ಟವಾಗಿದೆಯೇ ನೋಡಿದೆ, ಎರಡು ಪದರ ಸೇರಿಸಿ ತಿಕ್ಕಿ ಜುಂಗು ಏಳುತ್ತದೆಯೇ ನೋಡಿದೆ. ಒಗೆದರೆ ಕುಗ್ಗುತ್ತದೆಂದು ಅರ್ಧ ಮೀಟರು ಹೆಚ್ಚೇ ಕತ್ತರಿಸಲು ಹೇಳಿದೆ. ಮೌಶಿ ಇದ್ಯಾವುದನ್ನೂ ಮಾಡದೆ ಒಂದೊಂದೇ ಬಟ್ಟೆಯ ತಾನನ್ನು ಸುರುಳಿಯಿಂದ ತುಸು ಬಿಡಿಸಿ ಗಲ್ಲಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಂತಳು. ಅಂಗಡಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

"ಮೌಶಿ, ಇಲ್ಲೇ ಮಲಗಬ್ಯಾಡ."

"ಕೂಸು ಕಣ್ಣಿಲೇ ಹೊಚ್ಚಿಕೊಳ್ತದೇನು? ಗಲ್ಲಕ್ಕ ಕೇಳಬೇಕು."

ಗಲ್ಲ ಆರಿಸಿದ್ದು ಕೆನೆಬಣ್ಣದ ಒಂದು ತಾನು. ನಾನು ಆರು ಅಂಗಡಿ ಹುಡುಕಿ ಆರಿಸಬಹುದಾಗಿದ್ದದ್ದೂ ಅದೇ, ಎಂದು ಈಗ ಒಪ್ಪಬಲ್ಲೆ. ಅಂಚಿಗೆ ಕೆಂಪು ಚೌಕಳಿ ಬೇಕೆಂದಳು. ಬಣ್ಣ ಬಿಡುತ್ತದೆಯೇ ಎಂದು ನಾನು ಮರಾಠಿಯಲ್ಲಿ ಕೇಳಿದ್ದಕ್ಕೆ ಅಂಗಡಿಯವನು ಮೌಶಿಯತ್ತ ತಿರುಗಿ, "ಆಜೀ, ರಂಗ ಏಕದಮ್ ಪಕ್ಕಾ," ಎಂದ. ಮೌಶಿ ಕರವಸ್ತ್ರದ ತುದಿಯನ್ನು ನೀರಿನ ಬಾಟಲಿಯಿಂದ ಒದ್ದೆ ಮಾಡಿ ಕೆಂಪು ಬಟ್ಟೆಯ ಮೇಲೆ ತಿಕ್ಕಿದಳು. ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮಡಚಿ ಪರ್ಸಿಗೆ ಹಾಕಿಕೊಂಡಳು. "ತೊಗೊ, ಛೊಲೊ ಅದ," ಎಂದಳು.

ಆ ಕರವಸ್ತ್ರದ ಮೇಲೆ ಕೆಂಪು ಕಲೆ ಇತ್ತೇ? ಇತ್ತು ಎಂದು ಈಗ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಅಂದೇ ಅಷ್ಟು ಸ್ಪಷ್ಟವಾಗಿ ಕಂಡಿದ್ದರೆ ಆ ಬಟ್ಟೆಯನ್ನು ಕೊಳ್ಳುತ್ತಿದ್ದೆನೇ?

ಖಡಕಿಗೆ ಬಂದು, ಕತ್ತರಿ ಕೈಗೆ ತೆಗೆದುಕೊಂಡಾಗ ಮೌಶಿ ನನ್ನ ಮಣಿಕಟ್ಟು ಹಿಡಿದಳು.

"ಕೂಸು ಹುಟ್ಟೂಕಿಂತ ಮೊದಲ ಹೊಸಾ ಅರಿವಿಗೆ ಸೂಜಿ ಹಚ್ಚೂದಿಲ್ಲ ನಾನು."

ಅವಳು ಬಟ್ಟೆಗೆ ಅರಿವಿ ಎಂದೇ ಅನ್ನುವುದು. ಹುಟ್ಟದ ಕೂಸಿಗೆ ಹೊಸದನ್ನು ಹೊಲಿಯಬಾರದು, ಮೊದಲ ಹೊದಿಕೆ ಹಳೆಯದೇ ಇರಬೇಕು ಎಂಬುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಮರೆತಿದ್ದವಳು ನಾನು.

"ಮತ್ತ ಅಂಗಡ್ಯಾಗ ಯಾಕ ಸುಮ್ನಿದ್ದಿ?"

"ನೀ ಭಾಳ ಖುಷಿಯೊಳಗಿದ್ದಿ. ಯಾಕ ಕೆಡಸೂದು ಅಂದೆ."

"ಹುಟ್ಟಿದ ಮ್ಯಾಲೆ ಹೊಲೀತಿಯೇನು? ಅಷ್ಟೊತ್ತಿಗೆ ನಿನ್ನ ಕಣ್ಣಿನ ಆಪರೇಶನ್ ಆಗಿರ್ತದ. ಸೂಜಿ ಹಿಡ್ಯಾಂಗಿಲ್ಲ ಅಂತ ನೀನ ಹೇಳೀದಿ."

ಅವಳು ನನ್ನ ಕೈಯಿಂದ ಕತ್ತರಿ ತೆಗೆದು ಪಕ್ಕಕ್ಕಿಟ್ಟಳು. ಆಗ ನನಗೊಂದು ಉಪಾಯ ಹೊಳೆಯಿತು. ಹೊಲಿಯುವ ಮೊದಲು ಫ್ಲಾನೆಲ್ಲನ್ನು ಹೇಗೂ ಒಗೆಯಲೇಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಒಮ್ಮೆ ಒಗೆಯುವ ಬದಲು ಹಳತಾಗುವವರೆಗೆ ಒಗೆದರೆ?

"ಎಷ್ಟು ಸಲ ಒಗದ್ರ ಹಳೇದಾಗ್ತದ, ಹೇಳು."

"ಅದನ್ನ ಅರಿವೀನ ಹೇಳ್ತದ," ಎಂದಳು.

ಹೀಗೆ ನನ್ನ ಒಗೆತ ಸುರುವಾಯಿತು. ವಾರಕ್ಕೊಮ್ಮೆ ಕೋಥರೂಡಿನ ನನ್ನ ಮನೆಯಿಂದ ಖಡಕಿಗೆ. ಮಶೀನಿನಲ್ಲಿ ಒಗೆದದ್ದು ಲೆಕ್ಕಕ್ಕಿಲ್ಲವಂತೆ, ಅವಳ ಹಿತ್ತಿಲಿನ ಕಲ್ಲಿನ ಮೇಲೇ ಆಗಬೇಕಂತೆ. ನೂಲು ಬಿಚ್ಚದಿರಲೆಂದು ಬಟ್ಟೆಯ ಅಂಚಿಗೆಲ್ಲ ದೊಡ್ಡ ಹೊಲಿಗೆ ಹಾಕಿಕೊಂಡೆ. ಎಷ್ಟು ಕುಗ್ಗುತ್ತದೆಂದು ತಿಳಿಯಲು ಪಟ್ಟಿ ಇಟ್ಟು ಹನ್ನೆರಡು ಇಂಚಿನ ಒಂದು ಚೌಕ ಕತ್ತರಿಸಿದೆ. ಉಗುರುಬೆಚ್ಚಗಿನ ರಿಠಾ, ಅಂದರೆ ಅಂಟುವಾಳದ ನೀರಿನಲ್ಲಿ ಒಗೆದು ಒಣಗಿಸಿದಾಗ ಅದು ಹನ್ನೊಂದೂ ಚಿಲ್ಲರೆ ಇಂಚಾಯಿತು. ಅದನ್ನು ಡೈರಿಯಲ್ಲಿ ಬರೆಯುತ್ತಿರುವಾಗ ಮೌಶಿ ತನ್ನ ಗೇಣನ್ನು ಆ ಚೌಕದ ಮೇಲೆ ಚಾಚಿದಳು.

"ನಿನ್ನ ಅರಿವಿ ಸಣ್ಣದಾತು. ನನ್ನ ಗೇಣು ಎಪ್ಪತ್ತೊಂಬತ್ತು ವರ್ಷ ನೀರಾಗ ಅದ, ನೋಡು, ಹಂಗ ಅದ."

ಮೊದಲ ಸಲ ಗಂಜಿ ಬಿಟ್ಟಿತು, ಬಕೆಟ್ಟಿನ ತುಂಬ ಜುಂಗು ತೇಲಿತು. ಕೆಂಪು ಚೌಕಳಿಯ ನೀರು ಕೋಕಮ್ ಸಾರಿನಂತಾಯಿತು. 'ಕೆಂಪು ಯಾವಾಗಲೂ ಬೇರೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಗೆರೆಗಳು ಈಗಲೂ ಡೈರಿಯಲ್ಲಿವೆ. ಒಣಗಿದ ಬಟ್ಟೆಯನ್ನು ಮೌಶಿ ಗಲ್ಲಕ್ಕಿಟ್ಟು, "ಇನ್ನೂ ಹೊಸಾದ ಅದ," ಎಂದಳು. ಎರಡನೆಯ ವಾರ ಮೂಸಿ ನೋಡಿ, "ಅಂಗಡಿ ವಾಸನಿ ಹೋಗಿಲ್ಲ," ಎಂದಳು. ಮೂರನೆಯ ವಾರ ಗಲ್ಲವೂ ಮೂಗೂ ಏನೂ ದೋಷ ಹೇಳಲಿಲ್ಲ. ಆದರೂ ಸೂಜಿಯ ಡಬ್ಬಿ ಹೊರಗೆ ಬರಲಿಲ್ಲ.

"ಈಗೇನಾತು?"

"ಏನೂ ಇಲ್ಲ. ನೋಡಿದವ್ರು ಹೊಸಾದ ಅಂತಾರಲ್ಲ."

"ಯಾರು ನೋಡ್ತಾರ ಮೌಶಿ?"

"ನಾ ನೋಡ್ತೇನಲ್ಲ."

ಆಪರೇಶನ್ನಿಗೆ ಎರಡೂವರೆ ವಾರವಷ್ಟೇ ಉಳಿದಿತ್ತು. ಮಗಳು ಫೋನಿನಲ್ಲಿ ನಗುತ್ತಿದ್ದಳು: "ಅಮ್ಮಾ, ನನ್ನ ಡೆಲಿವರಿ ಮೊದ್ಲೊ, ನಿಮ್ಮ ಲಾಂಡ್ರಿ ಮೊದ್ಲೊ?" ನನಗೆ ನಗು ಬರುತ್ತಿರಲಿಲ್ಲ. ರಿಠಾ ನೀರಿನಲ್ಲಿ ನೆನೆದು ಬೆರಳು ಸುಕ್ಕಾಗಿದ್ದವು. ನಾನು ಒಗೆಯುತ್ತಿರುವುದು ಬಟ್ಟೆಯನ್ನೋ, ಮೌಶಿಯ ಹೆದರಿಕೆಯನ್ನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಒಂಬತ್ತು ವರ್ಷ ಕಾದು ಬರುತ್ತಿರುವ ಕೂಸು. ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾಲ್ಕನೆಯ ಸಲ ಕೆನೆಬಣ್ಣದ್ದನ್ನು ಒಂದು ಬಕೆಟ್ಟಿನಲ್ಲಿ, ಕೆಂಪನ್ನು ಇನ್ನೊಂದರಲ್ಲಿ ನೆನೆಹಾಕಿದೆ. ಹಾಕಿದೆ ಎಂದೇ ಹೇಳುತ್ತೇನೆ. ಅಷ್ಟರಲ್ಲಿ ಒಳಗೆ ಫೋನ್ ರಿಂಗಾಯಿತು. ಮಗಳು. ಕಾಲು ಬಾತಿವೆ, ಡಾಕ್ಟರು ಏನೂ ಚಿಂತೆಯಿಲ್ಲ ಅಂದಿದ್ದಾರೆ, ಆದರೂ ಹೇಳಬೇಕೆನಿಸಿತಂತೆ. ಹತ್ತು ನಿಮಿಷ ಮಾತಾಡಿರಬಹುದು, ಇಪ್ಪತ್ತೂ ಆಗಿರಬಹುದು. ಹಿತ್ತಿಲಿಗೆ ಬಂದು ನೋಡಿದರೆ ಎರಡೂ ಬಟ್ಟೆ ಒಂದೇ ಬಕೆಟ್ಟಿನಲ್ಲಿ, ನೀರು ರಂಗಪಂಚಮಿಯ ಮಧ್ಯಾಹ್ನದಂತೆ. ಪಕ್ಕದಲ್ಲಿ ಮೌಶಿ, ಸೆರಗು ಸಿಕ್ಕಿಸಿಕೊಂಡು.

ನಾನು ಚೀರಿದೆ. ಕೆನೆಬಣ್ಣದ್ದನ್ನು ಎಳೆದು ಹಿಂಡಿದೆ, ನಲ್ಲಿಯ ಕೆಳಗೆ ಹಿಡಿದೆ. ಅಲ್ಲಲ್ಲಿ ಗುಲಾಬಿ, ಅಲ್ಲಲ್ಲಿ ಬಿಳುಪು, ಮಡಿಕೆ ಬಿದ್ದಲ್ಲೆಲ್ಲ ಒಂದೊಂದು ಗೆರೆ. ಮೂರು ವಾರದ ಕೆಲಸ ಹಾಳಾಯಿತೆಂದು ನಾನು ಹಲುಬುತ್ತಿದ್ದರೆ ಮೌಶಿ ಅದನ್ನು ಹಗ್ಗದ ಮೇಲೆ ಹರವಿ, ಎರಡು ಹೆಜ್ಜೆ ಹಿಂದೆ ಸರಿದು ಹೊಸ ಕಣ್ಣಿನಿಂದ ನೋಡಿದಳು.

"ಈಗ ಯಾರರೆ ಇದಕ್ಕ ಹೊಸಾದು ಅಂತಾರೇನು?"

ಬಟ್ಟೆ ಇನ್ನೂ ಹಸಿ ಇರುವಾಗಲೇ ಒಳಗೆ ಹೋಗಿ ಸೂಜಿಯ ಡಬ್ಬಿ ತಂದಳು. ಅದು ಬೋಹಾರಣಿಯ ಎರಡು ಡಬ್ಬಿಗಳಲ್ಲಿ ಸಣ್ಣದು. "ದಾರ ಪೋಣಿಸಿಕೊಡು. ಎಂ.ಎ. ಆಗಿ ಅದರೆ ಬರ್ತದೋ ಇಲ್ಲೋ?"

ಎಂಟೇ ದಿನದಲ್ಲಿ ಕೌದಿ ಮುಗಿಯಿತು. ಆಪರೇಶನ್ನಿಗೆ ಎರಡು ದಿನ ಮೊದಲು ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಹೊಲಿಗೆ ನನ್ನ ಕೌದಿಯದಷ್ಟು ಸಣ್ಣದಿಲ್ಲ. ಒಂದು ಮೂಲೆಯಲ್ಲಿ ಸಾಲು ತಪ್ಪಿದೆ. ಆ ಮೂಲೆಯೇ ನನಗೆ ಹೆಚ್ಚು ಇಷ್ಟ.

ಕೂಸು ಹೆಣ್ಣು. ಹನ್ನೆರಡನೆಯ ದಿನ ಮೌಶಿ ಅದನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಈಗ ಎರಡೂ ಕಣ್ಣು ತಿಳಿಯಾಗಿದ್ದವು. ಎಲ್ಲ ಬಣ್ಣಗಳೂ ತೊಳೆದಿಟ್ಟಂತೆ ಕಾಣುತ್ತವೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಗುಲಾಬಿ ಮಚ್ಚೆಯೊಂದರ ಮೇಲೆ ಬೆರಳಾಡಿಸಿ, "ಏನ ಛಂದ ಬಣ್ಣಾ ಹತ್ತೇದ," ಎಂದಳು, ಯಾರೋ ಬೇರೆಯವರ ಕೆಲಸವನ್ನು ಹೊಗಳುವಂತೆ.

ನಾನು ಹತ್ತಿರ ಕೂತು ಮೆಲ್ಲಗೆ ಕೇಳಿದೆ. ಅವಳು ಕೂಸಿನ ಗಲ್ಲಕ್ಕೆ ತನ್ನ ಗಲ್ಲ ಒತ್ತಿ ಕಣ್ಣು ಮುಚ್ಚಿದಳು, ಅಂಗಡಿಯಲ್ಲಿ ನಿಂತಂತೆಯೇ. ಅದೇ ಪ್ರಶ್ನೆಯನ್ನು ಆಮೇಲೆ ಎರಡು ಸಲ ಕೇಳಿದ್ದೇನೆ. ಒಮ್ಮೆ ಚಹಾಕ್ಕೆ ಸಕ್ಕರೆ ಸಾಕೇನು ಎಂದಳು, ಇನ್ನೊಮ್ಮೆ ಕೇಳಿಸಲಿಲ್ಲವೆಂಬಂತೆ ಎದ್ದು ಹೋದಳು.

"ಮೌಶಿ, ಖರೇ ಹೇಳು, ಆ ಕೆಂಪು ಅರಿವಿ ಬಕೆಟ್ಟಿಗೆ ಹಾಕಿದಾಕಿ ನಾನೋ, ನೀನೋ?"