ಹಿಮನದಿಯ ಎದುರು ಕೊಬ್ಬು ಸುಟ್ಟವಳು

ನಮ್ಮ ಲವೀನಿಯಾ ದೊಡ್ಡಮ್ಮನ ಬಾಯಿಗೆ ಹೆದರದವರು ಯಾಕುಟಾಟ್ ಊರಿನಲ್ಲೇ ಇರಲಿಲ್ಲ. ಅಂಥ ಬಾಯಿಯೂ ಹಿಮನದಿಯ ಎದುರು ಪಿಸುಗುಟ್ಟುತ್ತಿತ್ತು. ಹಿಮನದಿಗೆ ಕಿವಿಯಿದೆ, ಮೂಗಿದೆ. ಟ್ಲಿಂಗಿಟ್ ಜನ ನಾವು ಹಾಗೆ ನಂಬಿದವರು. ಅದರ ಮುಂದೆ ಗಟ್ಟಿಯಾಗಿ ಹರಟಬಾರದು. ಕೊಬ್ಬು ಕರಿಯುವುದಂತೂ ಸತ್ತರೂ ಕೂಡದು, ಆ ವಾಸನೆಗೆ ಅದು ಕೆರಳುತ್ತದೆ. ನಲವತ್ತು ವಸಂತ ಅದರೆದುರಿನ ಕೊಲ್ಲಿಯ ದಡದಲ್ಲಿ ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಬಿಡಾರ ನಡೆಸಿದ ದೊಡ್ಡಮ್ಮ ಮೀನನ್ನೂ ನೀರಲ್ಲೇ ಬೇಯಿಸುತ್ತಿದ್ದಳು.

ಆ ವರ್ಷ ಬಿಡಾರದಲ್ಲಿದ್ದವರು ದೊಡ್ಡಮ್ಮ, ನಾನು ಮತ್ತು ನನ್ನ ತಮ್ಮ ಹಾರ್ಲನ್. ಬೆಳಿಗ್ಗೆ ಎದ್ದು ನೋಡಿದರೆ ಸದಾ ಕದಡಿರುವ ಕೊಲ್ಲಿಯ ನೀರು ತಿಳಿಯಾಗಿತ್ತು. "ಅದೃಷ್ಟ ಕಣೋ, ಹೋಗು. ಇಂಥ ನೀರಲ್ಲಿ ಸೀಲ್ ತಪ್ಪಿಸ್ಕೊಳ್ಳಲ್ಲ" ಎಂದು ಅವನನ್ನು ಅಟ್ಟಿದವಳು ನಾನೇ. ಪಾಪಿ ನಾಲಿಗೆ! ಇದ್ದ ಒಂದೇ ಬಂದೂಕು ಎತ್ತಿಕೊಂಡು, ಸೀಲ್ ಬೆದರದಂತೆ ದೋಣಿಯ ಮೋಟಾರು ಹಚ್ಚದೆ ಹುಟ್ಟು ಹಾಕುತ್ತಾ ಅವನು ನೇರ ಹಿಮದ ಗೋಡೆಯ ಬುಡಕ್ಕೆ ಹೋದ.

ಸೌದೆ ಹೊತ್ತು ಬಂದ ದೊಡ್ಡಮ್ಮ ನೀರು ನೋಡಿದವಳೇ ಹೊರೆಯನ್ನು ಕೈಬಿಟ್ಟಳು.

"ಹಿಮದಡಿಯಿಂದ ಕೆಸರು ಹೊತ್ತು ಬರೋ ಹೊಳೆ ಯಾವಾಗ ನಿಂತಿತೇ?"

"ರಾತ್ರಿ ಇರಬೇಕು. ಒಳ್ಳೇದೇ ಅಲ್ವಾ?"

"ಒಳ್ಳೇದಂತೆ, ನಿನ್ನ ತಲೆ! ವರ್ಷವರ್ಷದ ಹಿಮ ಒಂದರ ಮೇಲೊಂದು ಬಿದ್ದು, ಗಾಳಿಯೆಲ್ಲ ಹಿಂಡಿಹೋಗಿ ಕಲ್ಲಾಗಿದೆ ಅದು. ತನ್ನ ಭಾರಕ್ಕೆ ತಾನೇ ಬೆಟ್ಟ ಇಳೀತಾ ಬರುತ್ತೆ. ಈಗ ಅಡಿಯಲ್ಲಿ ನೀರು ಕಟ್ಕೊಂಡಿದೆ. ಆ ನೀರು ಹಿಮಾನ ಎತ್ತಿ ಮುಂದಕ್ಕೆ ಜಾರಿಸುತ್ತೆ, ಮುಂದಿನ ಗೋಡೆ ಪೂರಾ ಕಳಚಿ ಬೀಳುತ್ತೆ. ಹಾರ್ಲನ್ ಎಲ್ಲಿ?"

ನಾನು ಕೈ ತೋರಿಸಿದೆ. ಗಾಳಿ ಹಿಮದಿಂದ ನಮ್ಮ ಕಡೆಗೆ ಬೀಸುತ್ತಿತ್ತು, ಎಷ್ಟು ಕಿರುಚಿದರೂ ಅವನಿಗೆ ಕೇಳುವಂತಿರಲಿಲ್ಲ. ಗೋಡೆಯೊಳಗೆ ಏನೋ ಲಟಲಟ ಮುರಿಯಿತು.

ದೊಡ್ಡಮ್ಮ ಒಂದು ಗಳಿಗೆ ಹಿಮನದಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಗುಡಾರದಿಂದ ಸೀಲ್ ಕೊಬ್ಬಿನ ಡಬ್ಬ ಎಳೆದು ತಂದು ಇಡಿಯಾಗಿ ಬೆಂಕಿಗೆ ಸುರಿದಳು.

"ಅಯ್ಯೋ ದೊಡ್ಡಮ್ಮ, ಇದೇನ್ ಮಾಡ್ತಿದ್ದೀಯ!"

"ಬಾಯಿ ಮುಚ್ಕೊಂಡು ಇನ್ನಷ್ಟು ಸೌದೆ ಹಾಕು. ನಾನಿರೋ ಕಡೆ ಕೊಬ್ಬಿನ ಕರೀ ಹೊಗೆ ಕಂಡ್ರೆ, ಏನೋ ಅನಾಹುತ ಆಗಿದೆ ಅಂತ ಓಡಿ ಬರ್ತಾನೆ."

ಕಪ್ಪು ಹೊಗೆ ದಟ್ಟವಾಗಿ ಎದ್ದಿತು. ದೋಣಿ ನಿಂತಿತು. ತಿರುಗು, ಮಾರಾಯ, ತಿರುಗು ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ತಿರುಗಿತು! ಅವನು ಮೋಟಾರು ಹಚ್ಚಿ ಅರ್ಧ ದಾರಿ ಬಂದಿದ್ದನೋ ಇಲ್ಲವೋ, ಅವನ ಬೆನ್ನ ಹಿಂದೆ ಹಿಮದ ಗೋಡೆ ಕುಸಿದುಬಿತ್ತು. ಎದ್ದ ಅಲೆ ದೋಣಿಯನ್ನು ತಂದು ದಡದ ಕಲ್ಲುಗಳ ಮೇಲೆ ಅಪ್ಪಳಿಸಿತು. ನಾವಿಬ್ಬರೂ ಸೇರಿ ಅವನ ಕಾಲರು ಹಿಡಿದು ಮೇಲಕ್ಕೆಳೆದೆವು.

"ಕೊಬ್ಬು ಸುಟ್ಟೋರ್ಯಾರು? ತಲೆ ಕೆಟ್ಟಿದೆಯಾ ನಿಮಗೆ?" ಎಂದು ಬೈಯುತ್ತಲೇ ಎದ್ದವನು ಹಿಂದೆ ತಿರುಗಿ ನೋಡಿದ. ಗೋಡೆ ಇದ್ದಲ್ಲಿ ಬರೀ ಹಿಮದ ಚೂರುಗಳು ತೇಲುತ್ತಿದ್ದವು. ದೊಡ್ಡಮ್ಮ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಗುಡಾರ ಬಿಚ್ಚತೊಡಗಿದಳು.

"ಬರೋ ವರ್ಷದಿಂದ ನೀವಿಬ್ರೇ ಬನ್ನಿ. ನಾನು ಬರಲ್ಲ."

"ನನ್ನ ಜೀವ ಉಳಿಸೋಕೆ ತಾನೇ ಸುಟ್ಟಿದ್ದು?" ಎಂದ ಹಾರ್ಲನ್. "ಹಿಮನದಿಗೂ ಗೊತ್ತಾಗುತ್ತೆ ಬಿಡು."

"ನಿನಗೋಸ್ಕರ ಆದ್ರೆ ನಾಳೆನೂ ಸುಡ್ತೀನಿ ಕಣೋ. ಮತ್ತೆ ಸುಡೋ ಮನಸ್ಸಿಟ್ಕೊಂಡು ಅದರ ಹತ್ರ ಹೇಗೆ ಕ್ಷಮೆ ಕೇಳಲಿ? ಕೇಳದೆ ಅದರೆದುರು ಹೇಗೆ ನಿಲ್ಲಲಿ?"

ಆಮೇಲೆ ಅವಳು ಹನ್ನೊಂದು ವರ್ಷ ಬದುಕಿದ್ದಳು. ಆ ಕಡೆ ಒಮ್ಮೆಯೂ ಹೋಗಲಿಲ್ಲ.