ಕುರ್ತುಬಾದ ಓಣಿಯಲ್ಲಿ ಆಯಿ

ಬ್ಯಾಡಗಿಯ ನಮ್ಮ ಓಣಿಯಲ್ಲಿ ಸ್ಪೇನ್ ದೇಶ ನೋಡಿ ಬಂದ ಹೆಂಗಸು ಒಬ್ಬಳೇ, ಪಕ್ಕದ ಮನೆಯ ರಹಿಮತಬಿ. ಅಲ್ಲಿ ಏನು ನೋಡಿದಿರಿ ಎಂದು ಕೇಳಿದರೆ "ಕದ" ಎನ್ನುತ್ತಾಳೆ. ಮುಚ್ಚಿದ ಕದ. ಅರಮನೆ, ಬಜಾರು ಎಂದೆಲ್ಲ ಕೇಳೋಣವೆಂದು ಮನೆಗೆಲಸ ಬಿಟ್ಟು ಹೋದ ನನಗೆ ಸಿಟ್ಟೇ ಬಂದಿತ್ತು. ವಿಮಾನ ಹತ್ತಿ ಹೋಗಿ ಕದ ನೋಡಿ ಬರುವುದಾದರೆ ನಾವೇನು ಪಾಪ ಮಾಡಿದ್ದೆವು?

ಸ್ವಂತ ಮೊಮ್ಮಕ್ಕಳಿಗೆ ಆಕೆ ದಾದಿ. ಓಣಿಯ ಉಳಿದವರಿಗೆಲ್ಲ ಆಯಿ. ಎರಡಕ್ಕೂ ಅರ್ಥ ಅಜ್ಜಿಯೇ. ತಲೆಯಲ್ಲಿ ಒಂದು ಬಿಳಿ ಕೂದಲು ಇಲ್ಲದಿದ್ದಾಗಲೇ ನಮ್ಮ ಹುಡುಗರು ಹಾಗೆ ಕರೆಯಲು ಶುರು ಮಾಡಿದವು, ದೊಡ್ಡವರೂ ಅದನ್ನೇ ಹಿಡಿದೆವು. ಮೊದಮೊದಲು ಮುಖ ಗಂಟು ಹಾಕುತ್ತಿದ್ದಳು. ಆಮೇಲೆ ಓಣಿಯ ಆ ತುದಿಯಲ್ಲಿ ಯಾರಾದರೂ ಆಯಿ ಎಂದರೆ ಈ ತುದಿಯಿಂದ "ಓ" ಎನ್ನುವಷ್ಟು ರೂಢಿಯಾಯಿತು.

ಗಂಡ ಚಾಂದಸಾಬರು ಮೆಣಸಿನಕಾಯಿ ದಲಾಲರು. ಕಾಯಿಯಿಂದ ಕೆಂಪು ಬಣ್ಣ ತೆಗೆದು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯವರು ತೊಂಬತ್ತನಾಲ್ಕರ ಬೇಸಿಗೆಯಲ್ಲಿ ತಮ್ಮ ಹಳೆಯ ದಲಾಲರನ್ನು ಸ್ಪೇನ್‌ಗೆ ಕರೆದೊಯ್ದರು. ಹೆಂಡತಿಯೂ ಬರಬಹುದು ಎಂದಾಗ ಉಳಿದವರು ನಕ್ಕು ಬಿಟ್ಟರು, ಚಾಂದಸಾಬರು ಮಾತ್ರ ಹೂಂ ಎಂದರು. ಪ್ರೀತಿ ಉಕ್ಕಿತೆಂದು ತಿಳಿಯಬೇಡಿ. ಅವರಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈ ನಡುಗಿ, ಬೆವರು ಕಿತ್ತು, ಮಾತು ತೊದಲಿ ಬಿದ್ದುಬಿಡುತ್ತಿದ್ದರು. ಒಮ್ಮೆ ಮಾರ್ಕೆಟ್ ಯಾರ್ಡಿನಲ್ಲಿ ಹಾಗೆ ಬಿದ್ದಾಗ ಡಾಕ್ಟರು, "ಇನ್ನೊಂಚೂರು ತಡ ಆಗಿದ್ರ ಹೆಣಾನ ಒಯ್ಯಬೇಕಾಗತಿತ್ತು" ಎಂದಿದ್ದರು. ಅಂದಿನಿಂದ ರಹಿಮತಬಿಯ ಕೈಚೀಲದಲ್ಲಿ ಬೆಲ್ಲ ತಪ್ಪಿದ್ದಿಲ್ಲ.

ವ್ಯಾಪಾರದ ಮಾತು ಮುಗಿದ ಮೇಲೆ ಕಂಪನಿಯವರು ಊರು ತೋರಿಸಲು ಎಲ್ಲರನ್ನೂ ಬಸ್ಸಿನಲ್ಲಿ ಕಾರ್ಡೋಬಾಕ್ಕೆ ಕರೆದೊಯ್ದರು. ಚಾಂದಸಾಬರ ಬಾಯಲ್ಲಿ ಅದು ಕುರ್ತುಬಾ. ಒಂದು ಕಾಲಕ್ಕೆ ಮಸೀದಿಯಾಗಿ ಈಗ ಚರ್ಚಾಗಿರುವ ಕಟ್ಟಡದೊಳಗೆ, ಕೆಂಪು ಬಿಳಿ ಪಟ್ಟೆಯ ಕಮಾನುಗಳ ಕೆಳಗೆ, ಅವರು ಕತ್ತು ಎತ್ತಿಕೊಂಡೇ ಅಡ್ಡಾಡಿದರು. ಹೊರಗೆ ಬಂದರೆ ಬಿಸಿಲು ಸುಡುತ್ತಿತ್ತು. ಅದರ ಮುಂದೆ ನಮ್ಮ ಏಪ್ರಿಲ್ಲೇ ತಂಪು ಎನ್ನುತ್ತಾಳೆ ಆಯಿ.

ಉಳಿದವರು ಊಟಕ್ಕೆ ಹೋದರು. ಆ ಹೋಟೆಲಿನ ಬಾಗಿಲಲ್ಲೇ ಹಂದಿಯ ತೊಡೆಗಳನ್ನು ಸಾಲಾಗಿ ತೂಗುಹಾಕಿದ್ದರು. ಚಾಂದಸಾಬರು ಮೂಗು ಮುಚ್ಚಿಕೊಂಡು ತಿರುಗಿದರು. ಊರಿನಿಂದ ತಂದ ರೊಟ್ಟಿ ಹಿಂದಿನ ದಿನವೇ ತೀರಿತ್ತು. ಬೆಳಗಿನ ಗುಳಿಗೆ ಮಾತ್ರ ಹೊಟ್ಟೆಯಲ್ಲಿತ್ತು.

"ಹಣ್ಣು ಸಿಗತಾವೇನ ನೋಡಿ ಬರ್ತೇನಿ. ನೀ ಇಲ್ಲೇ ನೆರಳಾಗ ಕುಂದ್ರು" ಎಂದರು.

"ಬೆಲ್ಲಾರ ಬಾಯಾಗ ಹಾಕ್ಕೊಂಡು ಹೋಗ್ರಿ."

"ಲಗೂ ಬರ್ತೇನಿ, ಸುಮ್ನಿರು."

ಲಗೂ ಬರಲಿಲ್ಲ. ಕಿತ್ತಳೆ ಗಿಡದ ನೆರಳು ಸರಿದು ಆಕೆಯ ಕಾಲಿಗೆ ಬಿಸಿಲು ಬಿತ್ತು. ಬೆಲ್ಲ ನನ್ನ ಹತ್ತಿರ, ಅವರೆಲ್ಲೋ ಎಂದುಕೊಂಡಳು. ಎದ್ದು ಅವರು ಹೋದ ಕಡೆ ಹೊರಟಳು.

ಓಣಿಯಲ್ಲಿ ಆಕೆಯ ಕಣ್ಣೆದುರೇ ಅಂಗಡಿಗಳ ಶಟರ್ ದಡದಡ ಇಳಿದವು. ಮನೆಗಳ ಕದ ಮುಚ್ಚಿದವು. ನೋಡನೋಡುತ್ತ ಬೀದಿಯಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಆ ಊರಿನವರು ಬೇಸಿಗೆಯ ಮಧ್ಯಾಹ್ನ ಕದ ಹಾಕಿ ಮಲಗುತ್ತಾರಂತೆ. ಅದನ್ನು ಆಕೆಗೆ ಯಾರು ಹೇಳಬೇಕು? ಹಗಲು ಹೊತ್ತಿನಲ್ಲಿ ಊರು ಹೀಗೆ ಬಾಗಿಲು ಹಾಕಿದ್ದನ್ನು ಆಕೆ ಹಿಂದೆ ಒಮ್ಮೆ ನೋಡಿದ್ದಳು, ಹುಬ್ಬಳ್ಳಿಯ ತಂಗಿಯ ಮನೆಗೆ ಹೋಗಿದ್ದಾಗ. ಆಗ ತಂಗಿ ಆಕೆಯನ್ನು ಒಳಗೆಳೆದು ಅಗಳಿ ಹಾಕಿದ್ದಳು.

"ಕರ್ಫ್ಯೂ ಆಗೇತಿ ಅಂದ್ಕೊಂಡೆ, ಸೋಮವ್ವಾ" ಎಂದು ನನಗೆ ಹೇಳಿದಳು. "ಗಲಾಟಿ ಆಗೇತಿ, ಇವರು ಹೊರಗ ಅದಾರ. ತಲಿ ಮ್ಯಾಲ ಟೋಪಿ, ಮುಖದ ಮ್ಯಾಲ ಗಡ್ಡ."

ಗೋಡೆಗೆ ಒತ್ತಿಕೊಂಡು ನಡೆದಳು. ಹೆಸರು ಹಿಡಿದು ಕೂಗಲು ಭಯ, ಕೂಗದಿರಲೂ ಭಯ. ಒಂದು ಕಿಟಕಿ ಅರ್ಧ ತೆರೆದಿತ್ತು. ಒಳಗೆ ಕರಿ ಬಟ್ಟೆಯ ಮುದುಕಿ. ರಹಿಮತಬಿ ತಲೆ ಮುಟ್ಟಿ ಟೋಪಿ ತೋರಿಸಿದಳು, ಗಲ್ಲ ಸವರಿ ಗಡ್ಡ ತೋರಿಸಿದಳು. ಮುದುಕಿ ತಲೆಯಾಡಿಸಿ ಕೈ ಹೊರಗೆ ಚಾಚಿ, "ಆಯಿ, ಆಯಿ" ಎಂದಳು.

ಪರದೇಶದಲ್ಲಿ, ಕರ್ಫ್ಯೂ ನಡುವೆ, ತನ್ನನ್ನು ಆಯಿ ಎನ್ನುವವಳು ಸಿಕ್ಕಿದಳಲ್ಲ ಎಂದು ರಹಿಮತಬಿಗೆ ಅಳುವೇ ಬಂತು. ಒಳಗೆ ಬಾ ಎಂದು ಕರೆಯುತ್ತಿದ್ದಾಳೆ, ತಂಗಿಯ ಹಾಗೆ ಈಗ ಕದ ತೆಗೆಯುತ್ತಾಳೆ ಎಂದು ಮೆಟ್ಟಿಲ ಮೇಲೆ ಕುಳಿತಳು. ಕದ ತೆಗೆಯಲಿಲ್ಲ. ಮುದುಕಿ ಬೇಸತ್ತು ಕಿಟಕಿಯನ್ನೂ ಮುಚ್ಚಿದಳು. ಕುಳಿತಷ್ಟು ಹೊತ್ತೂ ಹಾಳಾಯಿತು.

ಮುಂದೆ ನೆರಳಿನಲ್ಲಿ ಒಬ್ಬ ಟಾಂಗಾದವನು ತೂಕಡಿಸುತ್ತಿದ್ದ. ಮತ್ತೆ ಟೋಪಿ, ಮತ್ತೆ ಗಡ್ಡ. ಅವನೂ ಕೈ ಎತ್ತಿ, "ಆಯಿ" ಎಂದ.

ರಹಿಮತಬಿಗೆ ಈಗ ರೇಗಿತು. "ಆಯಿ ಅನ್ನಾಕ ಎಲ್ಲಾರಿಗೂ ಬರತೈತಿ. ಇವರು ಎಲ್ಲಿ ಅದಾರ ಅಂತ ಹೇಳಾಕ ಯಾರಿಗೂ ಬಾಯಿಲ್ಲೇನು?"

ಬೈದ ಮೇಲೆ ಹೊಳೆಯಿತಂತೆ. ಬ್ಯಾಡಗಿಯ ಹುಡುಗರು ಇಟ್ಟ ಹೆಸರು ಇವನಿಗೆ ಹೇಗೆ ಗೊತ್ತು? ಅವನ ಬೆರಳು ನೋಡಿದಳು. ಅದು ತನ್ನ ಕಡೆ ಇರಲಿಲ್ಲ, ಮುಂದಿನ ತಿರುವಿನ ಕಡೆ ಇತ್ತು. ಮುದುಕಿಯ ಕೈಯೂ ಅದೇ ದಿಕ್ಕಿಗೆ ಚಾಚಿತ್ತು. ಅವರ ಮಾತಿನಲ್ಲಿ ಆಯಿ ಎಂದರೆ "ಅಲ್ಲಿ" ಎಂದು ಕಂಪನಿಯವರು ಆಮೇಲೆ ಹೇಳಿದರು. ಆಗ ಆಕೆ ಅರ್ಥಕ್ಕೆ ಕಾಯಲಿಲ್ಲ, ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ತಿರುವಿನಾಚೆ ಬಿಳಿ ಗೋಡೆಗೆ ಒರಗಿ ಚಾಂದಸಾಬರು ಕಾಲು ಚಾಚಿ ಕುಳಿತಿದ್ದರು. ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು. ಕಣ್ಣು ತೆರೆದಿತ್ತು, ಗುರುತು ಇರಲಿಲ್ಲ. ಬೆಲ್ಲ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿಕೊಂಡು "ಹರಾಮ್, ಹರಾಮ್" ಎಂದು ತೊದಲಿದರು. ಆ ಊರಿನವರಾರೋ ಹಂದಿಮಾಂಸ ತುರುಕುತ್ತಿದ್ದಾರೆ ಎಂದುಕೊಂಡಿದ್ದರು. ಆಕೆ ಅತ್ತಳು, ಬೈದಳು, ದವಡೆ ಹಿಡಿದು ಅಗಲಿಸಲು ನೋಡಿದಳು. ಆಗಲಿಲ್ಲ.

ಕೊನೆಗೆ ಕೈಚೀಲವನ್ನೇ ಅವರ ಮೂಗಿಗೆ ಒತ್ತಿದಳು. ಮೆಣಸಿನಕಾಯಿ ತುಂಬುವ ಗೋಣಿಯಿಂದ ಹೊಲಿದ ಚೀಲ ಅದು, ಎಷ್ಟು ಒಗೆದರೂ ಘಾಟು ಹೋಗಿರಲಿಲ್ಲ. ಚಾಂದಸಾಬರು ಒಮ್ಮೆ ಸೀನಿದರು. "ಯಾರ್ಡಿಗೆ ಬಂದೇನೇನು?" ಎಂದರು. ಬಾಯಿ ತೆರೆದದ್ದೇ ತಡ, ಬೆಲ್ಲ ಒಳಗೆ ಹೋಯಿತು.

ಊರಿಗೆ ಬಂದ ಮೇಲೆ ಇದು ಓಣಿಗೆಲ್ಲ ನಗೆಚಾಟಿಕೆಯಾಯಿತು. ಪಾಟಿಚೀಲ ಎಲ್ಲೈತಿ ಎಂದು ಕೇಳಿದರೆ ನಮ್ಮ ಹುಡುಗರು ಬೆರಳು ಚಾಚಿ "ಆಯಿ" ಎನ್ನುತ್ತಿದ್ದವು. ಚಾಂದಸಾಬರೂ ನಗುತ್ತಿದ್ದರು. ಆಕೆ ಮಾತ್ರ ಪ್ರತಿ ಸಲ ಬೆರಳು ತೋರಿಸಿದ ಕಡೆ ತಿರುಗಿ ನೋಡುತ್ತಿದ್ದಳು.

ಹೋದ ಚಳಿಗಾಲ ಚಾಂದಸಾಬರು ನಿದ್ದೆಯಲ್ಲೇ ತೀರಿಕೊಂಡರು. ಬೆಲ್ಲ ತಲೆದಿಂಬಿನ ಹತ್ತಿರವೇ ಇತ್ತು. ಗಂಡಸರು ಜನಾಜಾ ಹೊತ್ತು ಓಣಿ ದಾಟಿದರು, ನಾವು ಹೆಂಗಸರು ಆಕೆಯನ್ನು ಸುತ್ತುವರಿದು ಕುಳಿತೆವು. ಆಕೆ ಅಳಲೇ ಇಲ್ಲ. ನನಗೆ ಹೆದರಿಕೆಯಾಗಿ ಭುಜ ಹಿಡಿದು, "ಆಯಿ, ಆಯಿ" ಎಂದೆ.

ಆಕೆ ತಲೆ ಎತ್ತಿ ನನ್ನ ಕೈ ನೋಡಿದಳು.

"ಎತ್ತಾಗ, ಸೋಮವ್ವಾ?" ಎಂದಳು. "ಯಾ ಕಡಿ ಹೋದ್ರು?"